ರಾಯಪುರಕ್ಕೆ ಹೋದ ಅತ್ತೆ

ಪೆಟ್ರೋಲ್ ಬಂಕಿನ ವಾಸನೆ ಬಡಿದರೆ ಈಗಲೂ ನಾನು ತಲೆಯೆತ್ತಿ ಆಕಾಶ ನೋಡುತ್ತೇನೆ. ಹಿಂದಿನ ಸ್ಕೂಟರಿನವರು ಬೈಯುತ್ತಾರೆ.

ತೊಂಬತ್ತರ ದಶಕದ ನಾಗಪುರದಲ್ಲಿ ಅಪ್ಪನ ತಂಗಿ, ನನ್ನ ಅತ್ತೆ, ವಿಮಾನ ಹಾರಿಸಲು ಕಲಿಯುತ್ತಿದ್ದಳು. ಒಂಟಿಯಾಗಿ ಸಮುದ್ರ ದಾಟಿದ ಹೆಣ್ಣು ಪೈಲಟ್‌ಗಳ ಚಿತ್ರಗಳನ್ನು ಅಲಮಾರಿಗೆ ಅಂಟಿಸಿಕೊಂಡಿದ್ದಳು. ಆ ದಿನ ಮೊದಲ ಸಲ ಒಬ್ಬಳೇ ರಾಯಪುರಕ್ಕೆ ಹೋಗಿ, ಕತ್ತಲಾಗುವ ಮುಂಚೆ ಮರಳಬೇಕಿತ್ತು. ಹೊರಡುವಾಗ ರೆಕ್ಕೆಯ ಕೆಳಗಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿದಳು.

"ನೀರು ಸೇರಿದ್ರ ಇಂಜಿನ್ ನಡುವ ಬಂದ್ ಆಗ್ತದ," ಎಂದು ನಕ್ಕು, ಪೆಟ್ರೋಲ್ ತಾಗಿದ ಅದೇ ಕೈಯಿಂದ ನನ್ನ ಕೆನ್ನೆ ತಟ್ಟಿದಳು.

ನನಗೆ ಅಷ್ಟೇ ಸಾಕಾಯಿತು. ಅವಳ ಕಣ್ಣಿಗೆ ಬೀಳದ ಒಂದು ಹನಿ ನೀರನ್ನು ಮಧ್ಯಾಹ್ನವಿಡೀ ತಲೆಯಲ್ಲಿ ಹೊತ್ತು ತಿರುಗಿದೆ. ಕೆನ್ನೆ ಒರೆಸಿಕೊಳ್ಳಲೂ ಹೆದರಿಕೆ.

ಅಜ್ಜಿ ವಿಮಾನ ಇಳಿಯುವ ಮೈದಾನದ ತಂತಿ ಜಾಲರಿ ಹಿಡಿದು ನಿಂತಿದ್ದಳು. ಬಿಸಿಲು ಕೆಂಪಾಯಿತು. ವಿಮಾನದ ಸುಳಿವಿಲ್ಲ.

"ಟೆನ್ಶನ್ ನಕೋ, ಆಜಿ," ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದ ಅಲ್ಲಿನ ಮೆಕ್ಯಾನಿಕ್. ತಾನು ಮಾತ್ರ ಗಡಿಯಾರ ನೋಡುತ್ತಲೇ ಇದ್ದ.

"ಸಮುದ್ರ ದಾಟಿದಾಕಿ ಫೋಟೋ ಎಲ್ಲಾರೂ ಹಚ್ಚತಾರ," ಎಂದಳು ಅಜ್ಜಿ ನನಗೆ. "ದಂಡಿ ಮ್ಯಾಲ ಕಾಯ್ಕೋತ ನಿಂತ ಅವ್ವ ಎಲ್ಲ್ಯಾರ ಕಾಣ್ತಾಳೇನು?"

ಕೊನೆಗೆ ಪೂರ್ವದ ಕಡೆ ಜೀರುಂಡೆಯಂಥ ಸದ್ದು ಕೇಳಿಸಿತು. ವಿಮಾನ ನೆಲಕ್ಕೆ ಬಡಿದು, ಪುಟಿದು, ಓಡಿ ನಿಂತಿತು. ಅತ್ತೆ ಜಾಲರಿಯತ್ತ ಓಡಿ ಬಂದಳು.

"ಎದುರುಗಾಳಿ ಇತ್ತವ್ವಾ, ತಡಾತು! ಮುಂದಿನ ಸಲ ಇನ್ನೂ ದೂರ ಹೋಗ್ಬೇಕು."

"ಹೋಗಿ ಬಾ," ಎಂದಳು ಅಜ್ಜಿ, ತಣ್ಣಗೆ. ತಂತಿಗೆ ಬಿಗಿದುಕೊಂಡಿದ್ದ ಅವಳ ಬೆರಳುಗಳನ್ನು ಮಾತ್ರ ಅತ್ತೆಯೇ ಒಂದೊಂದಾಗಿ ಬಿಡಿಸಬೇಕಾಯಿತು.