ಪೆಟ್ಟಿಗೆಯ ದನಿ

ಟಿವಿಗೆ ಸಿಕ್ಕಿಸುವ ಅಂಗೈಯಗಲದ ಪೆಟ್ಟಿಗೆಯಲ್ಲಿ ಹಾಡು, ಸಿನಿಮಾ ನಡೆಸುವ ಲಿನಕ್ಸ್ ತಂತ್ರಾಂಶವೊಂದನ್ನು ಶೈಲಶ್ರೀ ಬರೆದಿದ್ದಳು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಅದರ ಕೋಡನ್ನೂ ತೆರೆದಿಟ್ಟಿದ್ದಳು. ಹೊಸ ಆವೃತ್ತಿಗೆ ಪೆಟ್ಟಿಗೆಯಲ್ಲಿ ಜಾಗ ಸಾಲದಾದಾಗ, ಪರದೆಯ ಮೇಲಿನ ಹೆಸರುಗಳನ್ನು ಗಟ್ಟಿಯಾಗಿ ಓದಿ ಹೇಳುವ ದನಿಯನ್ನು ಕಿತ್ತುಹಾಕಿದಳು. ಅದನ್ನು ಯಾರು ಬಳಸುತ್ತಾರೆ ಎಂದುಕೊಂಡಿದ್ದಳು.

"ನಮ್ಮಮ್ಮನಿಗೆ ಕಣ್ಣು ಕಾಣಲ್ಲ. ದನಿ ಯಾಕೆ ತೆಗೆದ್ರಿ?" ಎಂದು ಒಬ್ಬಾಕೆ ಬರೆದ ದಿನ ಶೈಲಶ್ರೀಗೆ ಊಟ ಸೇರಲಿಲ್ಲ. ದನಿಯನ್ನು ಮತ್ತೆ ಸೇರಿಸಿ, ವಿಳಾಸ ಕೇಳಿಕೊಂಡು, ತಾನೇ ಆ ತಾಯಿಯ ಮನೆಗೆ ಹೋದಳು.

ಟಿವಿಯ ಮುಂದೆ ಎರಡು ಕುರ್ಚಿಗಳು ಒತ್ತಾಗಿದ್ದವು. ಒಂದರಲ್ಲಿ ಪುಟ್ಟಲಕ್ಷ್ಮಮ್ಮ, ಇನ್ನೊಂದರಲ್ಲಿ ರಿಮೋಟ್ ಹಿಡಿದ ಅವರ ಯಜಮಾನರು.

"ತಪ್ಪು ನಂದೇ ಅಮ್ಮ. ತುಂಬ ತೊಂದ್ರೆ ಕೊಟ್ಬಿಟ್ಟೆ. ಈಗಲೇ ಸರಿ ಮಾಡ್ತೀನಿ."

"ಇರ್ಲಿ ಬಿಡಮ್ಮ, ಕಾಫಿ ಕುಡಿ. ಹೀಗೇ ಇದ್ರೂ ನಡೆಯುತ್ತೆ."

ಆ ದೊಡ್ಡತನಕ್ಕೆ ಶೈಲಶ್ರೀ ಇನ್ನಷ್ಟು ಕುಗ್ಗಿಹೋದಳು. ಕಾಫಿ ಮುಟ್ಟದೆ ಕೆಲಸ ಮುಗಿಸಿದಳು. ಪೆಟ್ಟಿಗೆ ಸ್ಪಷ್ಟವಾಗಿ ನುಡಿಯಿತು: "ಹಳೆಯ ಹಾಡುಗಳು."

ಯಜಮಾನರು ರಿಮೋಟನ್ನು ಹೆಂಡತಿಯ ತೊಡೆಯ ಮೇಲಿಟ್ಟು, ತಮ್ಮ ಕುರ್ಚಿ ಎತ್ತಿಕೊಂಡು ಜಗಲಿಗೆ ಹೊರಟುಹೋದರು.

"ಏನಾಯ್ತಮ್ಮ?"

ಪುಟ್ಟಲಕ್ಷ್ಮಮ್ಮ ಕುರ್ಚಿಯಿದ್ದ ಜಾಗದಲ್ಲಿ ಕೈಯಾಡಿಸಿದರು.

"ಮಗಳ ಮದುವೆ ಜಗಳದಲ್ಲಿ ನನ್ನ ಹತ್ರ ಮಾತು ಬಿಟ್ಟೋರು ಕಣಮ್ಮ. ಪೆಟ್ಟಿಗೆ ಸುಮ್ಮನಾದ್ಮೇಲೆ ಅವರೇ ಓದಿ ಹೇಳ್ತಿದ್ರು."