ಗೋಡೆಯ ಮೇಲಿನ ಕಣ್ಣು

ನಿಂಗಯ್ಯ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ತಿರುಗಿದರೆ, ಹಿಂದೆ ಹೆಂಡತಿ ಚಾಮುಂಡಮ್ಮ ಕೈ ಚಾಚಿಕೊಂಡು ನಿಂತಿದ್ದರು. ತೆಪ್ಪಗೆ ಕೊಟ್ಟರು.

ಹುಣಸೂರಿನ ಆ ಮನೆಯ ಹಜಾರದಲ್ಲಿ ನೆಂಟರೆಲ್ಲ ಸೇರಿದ್ದರು. ತಾತನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆಂದು ಮೊಮ್ಮಗಳು ಸ್ಪಂದನಾ ಒಂದು ಹಳೆಯ ಕಿರುಚಿತ್ರ ಹುಡುಕಿ ತಂದಿದ್ದಳು. ಮೈಸೂರಿನ ಒಂದು ಮಸೂರ ಕಾರ್ಖಾನೆ ಐವತ್ತೈದು ವರ್ಷದ ಹಿಂದೆ ತೆಗೆಸಿದ್ದು. ಮಾತಿಲ್ಲ, ಕಥೆಯಿಲ್ಲ. ಗಾಜು ಉಜ್ಜುವುದು, ದುರ್ಬೀನು, ಸೂಕ್ಷ್ಮದರ್ಶಕ, ಬೆಳಕಿನ ಆಟ. ಕೊನೆಗೆ ಮಸೂರದ ಹಿಂದೆ, ತೆರೆಯ ತುಂಬ, ಒಂದು ಕಣ್ಣು. ಆ ಕಾಲಕ್ಕೆ ಅದೊಂದು ದೊಡ್ಡ ಪ್ರಯೋಗ.

ಆ ಕಣ್ಣು ತನ್ನದೇ ಎಂದು ನಿಂಗಯ್ಯ ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಮೊದಲು ಹೇಳಿದ್ದು ಸಾಲಿಗ್ರಾಮದಲ್ಲಿ, ಚಾಮುಂಡಮ್ಮನನ್ನು ಹೆಣ್ಣು ನೋಡಲು ಹೋದ ದಿನ. ಬೇಸಿಗೆ ರಜೆಗೆ ಮೈಸೂರಿನ ಸೋದರಮಾವನ ಮನೆಗೆ ಹೋಗಿಬರುತ್ತಿದ್ದುದು ಬಿಟ್ಟರೆ ಬೇರೆ ಊರು ಕಾಣದ ಹುಡುಗಿ. ಉಪ್ಪಿಟ್ಟಿನ ತಟ್ಟೆ ಇಡುತ್ತಾ ತಲೆ ತಗ್ಗಿಸಿ ನಕ್ಕಳು. ನಾಚಿಕೆ ಎಂದುಕೊಂಡರು ಇವರು.

ನಿಜ ಹೇಳಬೇಕೆಂದರೆ ಅವರು ಆ ಕಾರ್ಖಾನೆಯ ಗೇಟನ್ನೂ ಕಂಡವರಲ್ಲ. ಕೆ.ಆರ್. ನಗರದ ಟೆಂಟಿನಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ ಅದನ್ನು ತೋರಿಸಿದ್ದರು. ಬರೀ ಕಣ್ಣು, ಮುಖವಿಲ್ಲ. ಯಾರು ಕೇಳುತ್ತಾರೆ ಎಂದು ಒಂದು ಸುಳ್ಳು ಬಿಟ್ಟಿದ್ದರು. ಅಂದಿನಿಂದ ಊರಿಗೆಲ್ಲ ಸಿನಿಮಾ ನಿಂಗಯ್ಯ. ಈಗ ಮೊಮ್ಮಗಳ ಮುಂದೆ ಮಾನ ಹೋಗುವ ಹೊತ್ತು.

ಕಿಟಕಿಗೆ ಕಂಬಳಿ ಕಟ್ಟಿ ಪ್ರೊಜೆಕ್ಟರ್ ಹಚ್ಚಿದರು. ಗೋಡೆಯ ಮೇಲೆ ಗಾಜು ತಿರುಗಿತು, ಬೆಳಕು ಒಡೆಯಿತು. ಆಮೇಲೆ ಕಣ್ಣು ಬಂತು. ಬಿಳಿಗುಡ್ಡೆಯಲ್ಲಿ ಎಳ್ಳಿನಷ್ಟು ಕಪ್ಪು ಮಚ್ಚೆ. ರೆಪ್ಪೆಯಂಚಿಗೆ ದಪ್ಪ ಕಾಡಿಗೆ.

"ತಾತ, ಕಾಡಿಗೆ ಹಚ್ಚಿದ್ರಾ?" ಎಂದಳು ಸ್ಪಂದನಾ.

ನಿಂಗಯ್ಯ ಹೆಂಡತಿಯ ಕಡೆ ತಿರುಗಿದರು.

"ಸಿನಿಮಾದೋರು ಗಂಡಸ್ರಿಗೂ ಅಚ್ತಾರೆ ಕಣವ್ವ," ಎಂದರು ಚಾಮುಂಡಮ್ಮ.

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನಿಂಗಯ್ಯನಿಗೆ ಹೋದ ಜೀವ ಬಂದಂತಾಯಿತು.

ನೆಂಟರು ಹೊರಟ ಮೇಲೆ ನಿಂಗಯ್ಯ ಅಡುಗೆಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡರು. ಇಷ್ಟು ವರ್ಷ ನಿನಗೆ ಮೋಸ ಮಾಡಿದೆ ಎಂದರು. ಅದು ತನಗೆ ಮೊದಲ ದಿನವೇ ಗೊತ್ತಿತ್ತು ಎಂದರು ಚಾಮುಂಡಮ್ಮ. ಹೇಗೆ ಎಂದು ಇವರು ಕೇಳಿದರು.

ಚಾಮುಂಡಮ್ಮ ಸೋಡಾಗ್ಲಾಸಿನ ಕನ್ನಡಕ ತೆಗೆದು, ಗಂಡನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ಎಳೆದುಕೊಂಡರು.

"ಎಣ್ಣು ನೋಡೋ ದಿನ ಬಾಯಿ ಬುಡಬ್ಯಾಡ ಅಂದಿದ್ರು ನಮ್ಮವ್ವ. ಆ ಪ್ಯಾಕ್ಟ್ರಿ ವಾಚ್‌ಮನ್ ನಮ್ ಸೋದರಮಾವ ಕಣ್ರೀ. ಇವಾಗಾದ್ರೂ ನನ್ನ ಸರ್ಯಾಗಿ ನೋಡಿ."

ಎಡಗಣ್ಣಿನ ಬಿಳಿಗುಡ್ಡೆಯಲ್ಲಿ ಎಳ್ಳಿನಷ್ಟು ಕಪ್ಪು ಮಚ್ಚೆಯಿತ್ತು.