ಒಡೆದ ಕಲ್ಲಿನ ಸೊನ್ನೆ

ಮೆಹಜಬೀನ್ ಆ ಬೆಳಿಗ್ಗೆ ತಿಂಡಿ ಬಿಟ್ಟು ಸ್ಲೈಡ್‌ಗಳನ್ನೇ ತಿರುವುತ್ತಿದ್ದಳು...

ಪಿಎಚ್‌ಡಿ ಥೀಸಿಸ್ ಸಲ್ಲಿಸುವ ಮುಂಚಿನ ಸೆಮಿನಾರ್ ಇವತ್ತೇ. ವಿಷಯ: ಎರಡು ಕಾಲಲ್ಲಿ ಓಡುತ್ತಿದ್ದ ಬೇಟೆಗಾರ ಡೈನೋಸಾರ್‌ಗಳಲ್ಲಿ ಯಾರಿಗೆ ಯಾರು ಹತ್ತಿರದ ನೆಂಟರು?

ಪ್ರತಿ ಮೂಳೆಯ ಲಕ್ಷಣ ನೋಡಬೇಕು. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಮೂಳೆಯೇ ಸಿಕ್ಕಿಲ್ಲವೇ? ಪ್ರಶ್ನಾರ್ಥಕ ಚಿಹ್ನೆ. ಅದನ್ನು ನೋಡಿ ಕಂಪ್ಯೂಟರ್ ವಂಶವೃಕ್ಷ ಬರೆಯುತ್ತದೆ.

ಅವಳ ಗೈಡ್ ಹಳ್ಳಿಕೇರಿ ಸರ್ ಹೆಸರು ಮಾಡಿದ್ದೇ ಒಂದು ಪಳೆಯುಳಿಕೆಯಿಂದ. "ಇದು ಹಕ್ಕಿಗಳಿಗೆ ಬಲು ದೂರದ ನೆಂಟ" ಎಂದು ಜೀವನವಿಡೀ ವಾದಿಸಿದವರು.

ಮೆಹಜಬೀನ್ ಮ್ಯೂಸಿಯಮ್‌ಗೆ ಹೋಗಿ ಆ ಪಳೆಯುಳಿಕೆಯ ಕಲ್ಲನ್ನೇ ನೋಡಿದ್ದಳು. ಎದೆಯ ಭಾಗ ಒಡೆದುಹೋಗಿತ್ತು! ಕೋಳಿಯ ಎದೆಯಲ್ಲಿ ಕವಲು ಮೂಳೆ ಇರುತ್ತದಲ್ಲ, ನಾವೆಲ್ಲ ತಟ್ಟೆಯ ಅಂಚಿಗೆ ಎತ್ತಿಡುವುದು... ಅಂಥದ್ದು ಇರಬೇಕಾದ ಜಾಗವೇ ಮಾಯ. ಸರ್ ಅಲ್ಲೆಲ್ಲ "ಇಲ್ಲ" ಎಂದು ಸೊನ್ನೆ ಹಾಕಿದ್ದರು; ಅವಳು ತನ್ನ ಪಟ್ಟಿಯಲ್ಲಿ ಅಲ್ಲಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಸೆಮಿನಾರ್‌ಗೆ ಮುಂಚೆ ಧೈರ್ಯ ಮಾಡಿ ಹೇಳಿಯೇಬಿಟ್ಟಳು.

"ಸರ್, ಅಲ್ಲಿ ಎಲುಬು ಇರಲೇ ಇಲ್ಲ ಅಂತ ಹೆಂಗ ಹೇಳೂದ್ರಿ? ಕಲ್ಲ ಒಡದೈತಲ್ರಿ..."

ಸರ್ ಮುಖ ಕಪ್ಪಿಟ್ಟಿತು. ಒಂದು ಮಾತೂ ಆಡದೆ ಎದ್ದು ಹೋದರು.

ನನ್ನ ಕಥೆ ಮುಗೀತು ಅಂದುಕೊಂಡಳು. ಅವರ ಸಹಿ ಇಲ್ಲದೆ ಥೀಸಿಸ್ ಮುಂದೆ ಹೋಗುವುದಿಲ್ಲ. ಹೆದರಿ, ತಾನು ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಗಳನ್ನೆಲ್ಲ ಅಳಿಸಿ ಮತ್ತೆ ಸೊನ್ನೆ ಮಾಡಿದಳು.

ಹಾಲ್ ತುಂಬಿತ್ತು. ಹಳೆಯ ವಂಶವೃಕ್ಷದ ಸ್ಲೈಡ್ ತೆರೆಯಿತು...

"ನಿಲ್ಲಸು!"

ಬಾಗಿಲಲ್ಲಿ ಹಳ್ಳಿಕೇರಿ ಸರ್! ಏದುಸಿರು, ಅಂಗಿ ತುಂಬ ಧೂಳು. ಮೆಹಜಬೀನ್ ಸ್ಲೈಡ್ ಅಲ್ಲೇ ನಿಲ್ಲಿಸಿದಳು.

"ಆ ಸೊನ್ನಿ ತಪ್ಪು. ಹಾಕಿದಾಂವ ನಾನ. ಈಗ ಮ್ಯೂಸಿಯಮ್‌ಗೆ ಹೋಗಿ ಕಲ್ಲು ನೋಡಿ ಬಂದೆ. ಈ ಹುಡುಗಿ ಹೇಳಿದ್ದ ಖರೆ!"

ಇಡೀ ಹಾಲ್ ದಂಗಾಯಿತು.

ಮೆಹಜಬೀನ್‌ಗೆ ಅಳು ತಡೆಯಲಾಗಲಿಲ್ಲ. "ಸರ್, ನಿಮಗ ಸಿಟ್ಟು ಬಂದೈತಿ ಅಂತ..."

"ನನಗ ಒಂದ ಮಾತು ಕೇಳಿದ್ಯೇನವಾ? ನಾ ಸುಮ್ನಾದ ಕೂಡಲೇ ಎಲ್ಲಾ ನೀನ ತಿಳಕೊಂಡುಬಿಟ್ಟಿ. ಹಾಕು, ಎಲ್ಲಾರ ಮುಂದ ಸರಿ ಮಾಡಿ ಹಾಕು."

ಸೊನ್ನೆ ಅಳಿಸಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಕಂಪ್ಯೂಟರ್ ಹೊಸ ವಂಶವೃಕ್ಷ ಬರೆಯಿತು. ಆ ಪ್ರಾಣಿ ಹಳೇ ಕೊಂಬೆ ಬಿಟ್ಟು ನೇರ ಹಕ್ಕಿಗಳ ಪಕ್ಕ ಬಂದು ಕೂತಿತ್ತು!

ಸರ್ ಜೀವಮಾನದ ವಾದ ಎಲ್ಲರ ಕಣ್ಣೆದುರೇ ಕುಸಿದುಬಿತ್ತು.

ಮೊದಲು ಚಪ್ಪಾಳೆ ತಟ್ಟಿದವರು ಅವರೇ... ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ನಮಗೆ ಕಾಣಲಿಲ್ಲ ಎಂದ ಮಾತ್ರಕ್ಕೆ "ಇಲ್ಲ" ಎಂದು ಬರೆದುಬಿಡಬಾರದು.

ನೀವು ಯಾರ ಮೌನಕ್ಕೆ, ಒಂದು ಮಾತೂ ಕೇಳದೆ, ನೀವೇ ಅರ್ಥ ಹಚ್ಚಿ ಕೂತಿದ್ದೀರಿ?